ರಿಜಿಸ್ಟ್ರಿ ಗುಡಿಸುವವರ ಚರಿತ್ರೆ

ಕಂಪ್ಯೂಟರ್ ನಿಧಾನವಾದರೆ ಸಾಕು, ‘ರಿಜಿಸ್ಟ್ರಿ ಕ್ಲೀನರ್ ಹಾಕಿ’ ಎಂಬ ಸಲಹೆ ಸಂಶೋಧನಾ ವಿದ್ಯಾರ್ಥಿಗಳಾದ ನಮ್ಮ ನಡುವೆ ಇಂದಿಗೂ ಕೇಳಿಬರುತ್ತದೆ. ಆ ಸಲಹೆಗೂ ಒಂದು ಚರಿತ್ರೆಯಿದೆ.

ಮೊದಲು ವಿಂಡೋಸ್ ತಂತ್ರಾಂಶಗಳ ಸೆಟ್ಟಿಂಗುಗಳು ಬಹುಮಟ್ಟಿಗೆ ಬಿಡಿಬಿಡಿ ಐಎನ್‌ಐ ಕಡತಗಳಲ್ಲಿದ್ದವು. 1995ರಲ್ಲಿ ಬಂದ ವಿಂಡೋಸ್ 95, ರಿಜಿಸ್ಟ್ರಿ ಎಂಬ ಒಂದೇ ದಾಖಲೆಕೋಶವನ್ನು ಅವುಗಳ ಜಾಗದಲ್ಲಿ ನೆಲೆಗೊಳಿಸಿತು. ತಂತ್ರಾಂಶವನ್ನು ತೆಗೆದುಹಾಕಿದರೂ ಅದರ ಕೆಲವು ನಮೂದುಗಳು ಅಲ್ಲಿ ಉಳಿಯುತ್ತಿದ್ದವು. ಅವನ್ನು ಅಳಿಸಲು ಮೈಕ್ರೋಸಾಫ್ಟ್ ತಾನೇ ‘ರೆಗ್‌ಕ್ಲೀನ್’ ಕೊಟ್ಟಿತು; ಮುಂದೆ ಹಿಂತೆಗೆದುಕೊಂಡಿತು.

ಆ ಜಾಗಕ್ಕೆ ವ್ಯಾಪಾರಿಗಳು ಬಂದರು. ತಪಾಸಣೆ ಉಚಿತ, ಸಿಗುವ ‘ದೋಷ’ಗಳು ನೂರಾರು, ರಿಪೇರಿಗೆ ಮಾತ್ರ ದುಡ್ಡು! ಸುಳ್ಳು ಎಚ್ಚರಿಕೆ ತೋರಿಸಿ ‘ರಿಜಿಸ್ಟ್ರಿ ಕ್ಲೀನರ್ ಎಕ್ಸ್‌ಪಿ’ ಮಾರುತ್ತಿದ್ದಾರೆಂದು ಆರೋಪಿಸಿ ಅಮೆರಿಕದ ವಾಷಿಂಗ್ಟನ್ ರಾಜ್ಯ 2008ರಲ್ಲಿ ಮೊಕದ್ದಮೆ ಹೂಡಿತು. 2017ರಲ್ಲಿ ಜನಪ್ರಿಯ ಸಿಕ್ಲೀನರ್‌ನ ಒಂದು ಆವೃತ್ತಿಯೊಳಗೇ ದಾಳಿಕೋರರು ಕುತಂತ್ರಾಂಶ ಸೇರಿಸಿದ್ದರು.

ಹಾಗಾದರೆ ಆ ಹಳೆಯ ನಮೂದುಗಳು ತೊಂದರೆಯಲ್ಲವೇ? ಗ್ರಂಥಾಲಯದ ಕಾರ್ಡುಪೆಟ್ಟಿಗೆಯನ್ನು ನೆನೆಯಿರಿ. ಕಳೆದುಹೋದ ಪುಸ್ತಕಗಳ ನಾಲ್ಕು ಕಾರ್ಡು ಉಳಿದರೆ ಬೇರೆ ಪುಸ್ತಕ ಹುಡುಕುವುದೇನೂ ತಡವಾಗದು. ಬೇಕಾದ ಕಾರ್ಡನ್ನೇ ಹರಿದರೆ, ಪುಸ್ತಕ ಇದ್ದೂ ಇಲ್ಲದಂತೆ. ರಿಜಿಸ್ಟ್ರಿಯದೂ ಹೀಗೆಯೇ: ಅಳಿಸಿದ್ದರಿಂದ ಸಿಗುವ ವೇಗ ಗಮನಕ್ಕೇ ಬಾರದಷ್ಟು, ತಪ್ಪಿ ಅಳಿಸಿದರೆ ವಿಂಡೋಸನ್ನೇ ಮತ್ತೆ ಹಾಕಬೇಕಾದೀತು. ಇಂಥ ಕ್ಲೀನರುಗಳನ್ನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟೂ ಹೇಳಿದೆ.

ಆದ್ದರಿಂದ ಅದು ಬೇಡವೆಂದೇ ನನ್ನ ಅಭಿಪ್ರಾಯ. ಕಂಪ್ಯೂಟರ್ ಶುರುವಾಗುವಾಗಲೇ ತೆರೆದುಕೊಳ್ಳುವ ತಂತ್ರಾಂಶಗಳನ್ನು ಕಡಿಮೆ ಮಾಡಿ, ಡಿಸ್ಕಿನಲ್ಲಿ ಜಾಗ ಬಿಡಿಸಿ. ಅದಕ್ಕೂ ಮೊದಲು ಪ್ರಬಂಧದ ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ.