ವಾಡೆಯ ಚಿನ್ನ, ವಾಡೆಯ ಹಸಿವು

ಭಾರತದ ದೆವ್ವದ ಸಿನಿಮಾಗಳಿಗೆ ಹಳೆಯ ಬಂಗಲೆ ಬೇಕೇ ಬೇಕು. ಆದರೆ ಆ ಬಂಗಲೆ ಯಾರ ದುಡಿಮೆಯಿಂದ ಎದ್ದಿತು ಎಂದು ಅವು ಕೇಳಿದ್ದು ಕಡಿಮೆ. 1972ರ ‘ದೋ ಗಜ್ ಜಮೀನ್ ಕೆ ನೀಚೆ’, 1984ರ ‘ಪುರಾನಾ ಮಂದಿರ್’ನಂಥ ರಾಮ್ಸೆ ಸೋದರರ ಚಿತ್ರಗಳಲ್ಲಿ ಹವೇಲಿ ಇದ್ದದ್ದು ಬೆಚ್ಚಿಬೀಳಿಸುವುದಕ್ಕೆ. ನಮ್ಮ ‘ನಾ ನಿನ್ನ ಬಿಡಲಾರೆ’ಯಲ್ಲಿ (1979) ದೆವ್ವದ ಕಾಟಕ್ಕೆ ಕೊನೆ ಸಿಕ್ಕಿದ್ದು ಮಂತ್ರಾಲಯದ ರಾಯರ ಕೃಪೆಯಿಂದ. ಕೇಡು ಹೊರಗಿನದು, ಕಾಯುವವನು ದೇವರು ಎಂಬ ಈ ಜಾಡನ್ನು ಬಿಟ್ಟು ಹೊರಟದ್ದು ರಾಹಿ ಅನಿಲ್ ಬರ್ವೆ ನಿರ್ದೇಶನದ ‘ತುಂಬಾಡ್’ (2018). ಅಲ್ಲಿ ಕೇಡು ಮನೆಯವರ ಆಸೆಯಲ್ಲೇ ಇದೆ.

ಮಹಾರಾಷ್ಟ್ರದಲ್ಲಿ ನಡೆಯುವ ಕಥೆ 1918ರಿಂದ 1947ರವರೆಗೆ ಸಾಗುತ್ತದೆ. ಸಮೃದ್ಧಿಯ ದೇವಿಯ ಚೊಚ್ಚಲ ಮಗ ಹಸ್ತರನಿಗೆ ಚಿನ್ನ ದಕ್ಕಿದೆ, ಅನ್ನ ದಕ್ಕಿಲ್ಲ. ಕಥಾನಾಯಕ ವಿನಾಯಕ, ಒಡೆಯರ ಹಳೆಯ ಬಂಗಲೆಯಾದ ವಾಡೆಯ ಅಡಿಯಲ್ಲಿರುವ ದೇವಿಯ ಗರ್ಭದೊಳಗೆ ಹಗ್ಗ ಹಿಡಿದು ಇಳಿಯುತ್ತಾನೆ, ಸುತ್ತ ಹಿಟ್ಟಿನ ಗೆರೆ ಎಳೆದುಕೊಳ್ಳುತ್ತಾನೆ, ಹಿಟ್ಟಿನ ಗೊಂಬೆಯ ಆಮಿಷ ಒಡ್ಡುತ್ತಾನೆ. ಹಸಿದ ಹಸ್ತರ ಗೊಂಬೆಗೆ ಬಾಯಿ ಹಾಕುವಷ್ಟರಲ್ಲಿ ಅವನ ಲಂಗೋಟಿಯಿಂದ ನಾಣ್ಯ ಕಿತ್ತುಕೊಳ್ಳುತ್ತಾನೆ. ಕಳವೇ ಇಲ್ಲಿ ಕಸುಬು. ಅದನ್ನು ಅವನು ಮಗನಿಗೂ ಕಲಿಸುತ್ತಾನೆ. ಎಡೆಬಿಡದ ಮಳೆ, ಪಂಕಜ್ ಕುಮಾರ್ ಅವರ ಛಾಯಾಗ್ರಹಣದ ಮಬ್ಬುಗತ್ತಲೆ ಈ ದುರಾಸೆಗೆ ಮೈ ಕೊಡುತ್ತವೆ. ಚಿತ್ರದ ದೊಡ್ಡ ಗೆಲುವು ಇದು.

ಅದರ ಕೊರತೆ ಇರುವುದೂ ಇಲ್ಲಿಯೇ. ಚಿನ್ನ ಗರ್ಭದಿಂದ ಬರುತ್ತದೆ, ಹೊಲದಿಂದಲ್ಲ. ಗೇಣಿ ತೆತ್ತವರು, ಕೂಲಿ ಮಾಡಿದವರು ಕಥೆಗೆ ಬರುವುದೇ ಇಲ್ಲ. ಹೀಗಾಗಿ ಜಮೀನ್ದಾರಿಕೆಯ ಪಾಪ ಒಂದು ವಂಶದ ಚಟಕ್ಕೆ ಇಳಿಯುತ್ತದೆ. ಸ್ವಾತಂತ್ರ್ಯ ಬಂದು ವಾಡೆ ಸರ್ಕಾರದ ಪಾಲಾಗುವ ಹೊತ್ತಿಗೂ ಚಿತ್ರ ಕೇಳುವುದು ಇನ್ನೆಷ್ಟು ನಾಣ್ಯ ಸಿಕ್ಕೀತು ಎಂದಷ್ಟೇ. ಹೆಂಗಸರಿಗೂ ಇದೇ ಅನ್ಯಾಯ: ವಿನಾಯಕನ ಹೆಂಡತಿಯ ಬಾಳೇನು ಎಂದು ನೋಡುವಷ್ಟು ವ್ಯವಧಾನ ಚಿತ್ರಕ್ಕಿಲ್ಲ.

ಹೆದರಿಸಲು ಬಂದ ಚಿತ್ರದಿಂದ ಭೂಸಂಬಂಧದ ಪಾಠ ಕೇಳುವುದು ತರವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಪಾಠ ಬೇಡ. ಮೊದಲ ಅಧ್ಯಾಯದಲ್ಲಿ ವಿನಾಯಕನ ವಿಧವೆ ತಾಯಿ ಒಂದೇ ಒಂದು ಚಿನ್ನದ ನಾಣ್ಯದ ಆಸೆಗೆ ಮುದಿ ಒಡೆಯನ ಸೇವೆ ಮಾಡುತ್ತಾಳೆ. ಒಡೆತನ ಮೈಯನ್ನೂ ಹೇಗೆ ಕೊಳ್ಳುತ್ತದೆಂಬುದು ಒಂದು ಮಾತಿನ ಉಪದೇಶವಿಲ್ಲದೆ ನಮಗೆ ತಟ್ಟುತ್ತದೆ. ಇಷ್ಟು ಬಲ್ಲ ಚಿತ್ರ ಮುಂದೆ ಆ ಕಣ್ಣನ್ನು ಮುಚ್ಚಿಕೊಂಡಿತು ಎಂಬುದೇ ದೂರು. ಅದರಲ್ಲೂ ಅನ್ನವಿಲ್ಲದ ಚಿನ್ನದ ಪುರಾಣ ಕೈಯಲ್ಲಿದ್ದಾಗ, ಅನ್ನ ಬೆಳೆದವರನ್ನು ಮರೆತದ್ದು ಸಣ್ಣ ಲೋಪವಲ್ಲ.

2024ರ ಮರುಬಿಡುಗಡೆಯಲ್ಲಿ ‘ತುಂಬಾಡ್’ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ದೆವ್ವಕ್ಕೂ ಚರಿತ್ರೆಯಿದ್ದರೆ ಜನ ನೋಡುತ್ತಾರೆ ಎಂಬುದಕ್ಕೆ ಇದು ಪುರಾವೆ. ಮುಂದೆ ಈ ದಾರಿಯಲ್ಲಿ ಬರುವವರು ವಾಡೆಯ ಒಳಗಿನ ಭಯದ ಜೊತೆಗೆ ಅದರ ಹೊರಗಿದ್ದವರ ಭಯವನ್ನೂ ತೋರಿಸಬೇಕು.