ವಾಕ್ಯಗಳ ನಡುವಿನ ನಂಟು

ಹೈಸ್ಕೂಲಿನಲ್ಲಿ ನಮ್ಮೂರ ಸಂತೆಯ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆಯಲು ಹೇಳಿದ್ದರು. ಬರೆದೆವು. ವ್ಯಾಕರಣ ತಪ್ಪಿರಲಿಲ್ಲ. ಆದರೆ ಹತ್ತನೆಯ ವಾಕ್ಯವನ್ನು ಮೊದಲಿಗಿಟ್ಟರೂ ಏನೂ ಬದಲಾಗುತ್ತಿರಲಿಲ್ಲ. ಮೇಷ್ಟ್ರು ಅರ್ಧ ಅಂಕ ಕೊಟ್ಟರು, ಯಾಕೆಂದು ಹೇಳಲಿಲ್ಲ. ಬಹುಶಃ ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಆ 'ಯಾಕೆ'ಗೆ ಉತ್ತರ ಹುಡುಕಿದವರಲ್ಲಿ ನಮ್ಮ ದೇಶದಲ್ಲೇ ಹುಟ್ಟಿದ ಒಬ್ಬ ಮುಸ್ಲಿಮ್ ಹೆಣ್ಣುಮಗಳಿದ್ದರು ಎಂಬುದು ತಿಳಿದದ್ದು ಬಹಳ ತಡವಾಗಿ. ರುಖಯ್ಯಾ ಹಸನ್ 1931ರಲ್ಲಿ ಉತ್ತರ ಪ್ರದೇಶದ ಪ್ರತಾಪಗಢದಲ್ಲಿ ಜನಿಸಿದರು. ಅಲಹಾಬಾದಿನಲ್ಲಿ ಪದವಿ ಪಡೆದು, 1964ರಲ್ಲಿ ಎಡಿನ್‌ಬರೋದಲ್ಲಿ ಡಾಕ್ಟರೇಟ್ ಮುಗಿಸಿದರು. ಪತಿ ಮೈಕೆಲ್ ಹ್ಯಾಲಿಡೆ ಜೊತೆಗೂಡಿ 1976ರಲ್ಲಿ 'ಕೊಹಿಶನ್ ಇನ್ ಇಂಗ್ಲಿಷ್' ಎಂಬ ಗ್ರಂಥ ಹೊರತಂದರು. ಅಲ್ಲಿಯವರೆಗೆ ವ್ಯಾಕರಣ ಬಹುಮಟ್ಟಿಗೆ ವಾಕ್ಯದ ಪೂರ್ಣವಿರಾಮದಲ್ಲೇ ನಿಲ್ಲುತ್ತಿತ್ತು. ಇವರು ಅದರಾಚೆ ನೋಡಿದರು. ಹಿಂದೆ ಬಂದದ್ದನ್ನು ಸೂಚಿಸುವ ಸರ್ವನಾಮ, ಒಂದು ಪದಕ್ಕೆ ಬದಲಾಗಿ ಬರುವ ಇನ್ನೊಂದು, ಹೇಳದೆ ಬಿಟ್ಟ ಪದ, ಸಂಯೋಜಕಗಳು, ಒಂದೇ ಬಳಗದ ಪದಗಳು—ಈ ಐದು ಬಗೆಯ ನಂಟುಗಳನ್ನು ವಿಂಗಡಿಸಿ ತೋರಿಸಿದರು.

ಆದರೆ ಅನೇಕ ತರಗತಿಗಳಲ್ಲಿ ಉಳಿದದ್ದು ಸಂಯೋಜಕಗಳ ಪಟ್ಟಿ ಮಾತ್ರ. ಮಕ್ಕಳು 'ದೇರ್‌ಫೋರ್', 'ಹೌಎವರ್'ಗಳನ್ನು ಉಪ್ಪಿನಂತೆ ಉದುರಿಸಿದರು. ನಂಟು ಪದಗಳಲ್ಲಷ್ಟೇ ಇಲ್ಲ, ಓದುಗನ ತಿಳಿವಳಿಕೆಯಲ್ಲೂ ಇದೆ ಎಂದು ಪೆಟ್ರಿಷಿಯಾ ಕ್ಯಾರೆಲ್ 1982ರಲ್ಲಿ ಎಚ್ಚರಿಸಿದರು. ಅದೇ ದಶಕದಲ್ಲಿ ಸಿಡ್ನಿಯಲ್ಲಿ ಜೆ.ಆರ್. ಮಾರ್ಟಿನ್, ಜೋನ್ ರಾದರಿ ಮತ್ತಿತರರು ಬಡ ಬಡಾವಣೆಗಳ ಶಾಲೆಗಳಿಗಾಗಿ ಒಂದು ಕ್ರಮ ರೂಪಿಸಿದರು: ಮೊದಲು ಮಾದರಿ ಬರಹವೊಂದನ್ನು ಬಿಡಿಸಿ ನೋಡುವುದು, ಬಳಿಕ ಗುರು-ಶಿಷ್ಯರು ಕೂಡಿ ಬರೆಯುವುದು, ಕೊನೆಗೆ ಮಗು ತಾನೇ ಬರೆಯುವುದು.

ನಮ್ಮ ಮಕ್ಕಳ ಕಷ್ಟಕ್ಕೆ ಇನ್ನೊಂದು ಕಾರಣವೂ ಉಂಟು. 'ಎದ್ದು, ಮುಖ ತೊಳೆದು, ಚಹಾ ಕುಡಿದು ಹೊರಟಳು' ಎನ್ನುತ್ತದೆ ಕನ್ನಡ. ಉರ್ದುವಿನ 'ಉಠ್ ಕರ್' ಕೂಡ ಹೀಗೆಯೇ. 'ಅವಳು' ಎನ್ನಬೇಕಿಲ್ಲ, 'ಮತ್ತು' ಬೇಕಿಲ್ಲ. ಕ್ರಿಯಾಪದವೇ ಎಲ್ಲವನ್ನೂ ಕಟ್ಟುತ್ತದೆ. ಇಂಗ್ಲಿಷಿನಲ್ಲಿ 'ಶೀ', 'ಆ್ಯಂಡ್', 'ದೆನ್'ಗಳನ್ನು ಹುಡುಕಿ ಇಡಬೇಕು. ಮನೆಯಲ್ಲಿ ದಾದಿಯ ಕಥೆಯನ್ನು ಎಲ್ಲೂ ತುಂಡಾಗದಂತೆ ಹೇಳುವ ಮಗುವಿಗೆ ಕಥೆ ಹೆಣೆಯಲು ಬರುತ್ತದೆ. ಈ ಒಂದು ವ್ಯತ್ಯಾಸವನ್ನು ಅದಕ್ಕೆ ತಿಳಿಸಿದವರಿಲ್ಲ, ಅಷ್ಟೆ. ತಿಳಿಸದೆಯೇ ಅದನ್ನು 'ದಡ್ಡ' ಎನ್ನುತ್ತೇವೆ.

ಹಸನ್ 2015ರಲ್ಲಿ ತೀರಿಕೊಂಡರು. ಉರ್ದು, ಕನ್ನಡ ಶಾಲೆಗಳ ನಮ್ಮ ಶಿಕ್ಷಕ ಮಿತ್ರರಲ್ಲಿ ಒಂದೇ ವಿನಂತಿ: ಮಗುವಿನ ಎರಡನೆಯ ವಾಕ್ಯ ಓದುವಾಗ, ಮೊದಲನೆಯದನ್ನು ನೆನಪಿಸುವ ಪದ ಅದರಲ್ಲಿ ಯಾವುದೆಂದು ಮಗುವನ್ನೇ ಕೇಳಿ. ಅಂಕ ಆಮೇಲೆ ಹಾಕೋಣ.