ಟ್ಯಾಪೆಟ್ ಸದ್ದಡಗಿದಾಗ

ಹಳೆಯ ಪೆಟ್ರೋಲ್ ಅಂಬಾಸಿಡರ್‌ನ ಟ್ಯಾಪೆಟ್ ಟಕಟಕ ಎಂದರೆ ಮೆಕಾನಿಕ್‌ಗಳು ಗಾಬರಿಯಾಗುತ್ತಿರಲಿಲ್ಲ. ವಾಲ್ವ್ ತುದಿಗೂ ರಾಕರ್‌ಗೂ ನಡುವೆ ಇರಬೇಕಾದ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ರಾಕರ್ ಸವೆದರೆ ಸಂದು ಹಿಗ್ಗುತ್ತದೆ, ಸದ್ದು ಏರುತ್ತದೆ. ಫೀಲರ್ ಗೇಜ್ ತೂರಿಸಿ ಹೊಂದಿಸಿದರೆ ಕೆಲಸ ಮುಗಿಯಿತು. ಸದ್ದು ತಾನಾಗಿಯೇ ಅಡಗಿದರೆ ಮಾತ್ರ ಹುಷಾರಾಗಬೇಕು. ಎಕ್ಸಾಸ್ಟ್ ವಾಲ್ವಿನ ಸೀಟು ಸವೆದಂತೆಲ್ಲ ವಾಲ್ವ್ ಹೆಡ್‌ನೊಳಕ್ಕೆ ಇಳಿಯುತ್ತದೆ, ಅದರ ತುದಿ ಮೇಲೇರಿ ಸಂದನ್ನು ನುಂಗುತ್ತದೆ. ಸಂದು ಪೂರ್ತಿ ಹೋದರೆ ವಾಲ್ವ್ ಗಟ್ಟಿಯಾಗಿ ಕೂರುವುದಿಲ್ಲ. ಉರಿ ನುಗ್ಗಿ ಅಂಚು ಸುಟ್ಟುಹೋಗುತ್ತದೆ.

ಈ ಕಾಯಿಲೆಯನ್ನು ದಶಕಗಳ ಕಾಲ ತಡೆದು ನಿಲ್ಲಿಸಿದ್ದು ಪೆಟ್ರೋಲಿನಲ್ಲಿದ್ದ ಸೀಸ.

1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂದಾಗ ಪೆಟ್ರೋಲಿಗೆ ಸೀಸ ಬೆರೆಸುತ್ತಿರಲಿಲ್ಲ; ವಾಲ್ವ್ ಉಜ್ಜಿ ಕೂರಿಸುವುದು ಕಾರು ಇಟ್ಟವರ ಮಾಮೂಲಿ ಕೆಲಸವಾಗಿತ್ತು. 1921ರ ಡಿಸೆಂಬರ್‌ನಲ್ಲಿ ಅಮೆರಿಕದ ಡೇಟನ್‌ನಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ, ಟೆಟ್ರಾಇಥೈಲ್ ಸೀಸ ಬೆರೆಸಿದರೆ ಎಂಜಿನ್ ನಾಕಿಂಗ್ ನಿಲ್ಲುತ್ತದೆಂದು ಕಂಡುಕೊಂಡ. 1923ರಲ್ಲಿ ಅದೇ ಊರಿನ ಬಂಕಿನಲ್ಲಿ ಮಾರಾಟ ಶುರುವಾಯಿತು. ವಾಲ್ವ್ ಕಾಪಾಡುವುದು ಅವನ ಗುರಿಯಾಗಿರಲಿಲ್ಲ. ಆದರೆ ಉರಿದ ಸೀಸದ ತೆಳು ಪದರ ಸೀಟಿನ ಮೇಲೆ ಕೂತು, ಕೆಂಪಗೆ ಕಾದ ವಾಲ್ವ್ ಎರಕದ ಕಬ್ಬಿಣಕ್ಕೆ ಅಂಟಿ ಕಿತ್ತುಬರದಂತೆ ನೋಡಿಕೊಂಡಿತು. ಈ ಪದರದ ಭರವಸೆಯಲ್ಲೇ ಕಂಪನಿಗಳು ಬೇರೆ ಗಟ್ಟಿ ಸೀಟು ಹಾಕದೆ, ಹೆಡ್‌ನ ಕಬ್ಬಿಣದಲ್ಲೇ ಸೀಟು ಕೊರೆದವು. ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಕೂಡ ಅದೇ ಬಗೆಯದು.

ಬೆಲೆ ತೆತ್ತವರು ಮನುಷ್ಯರು. 1924ರಲ್ಲೇ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಈ ರಾಸಾಯನಿಕ ತಯಾರಿಸುತ್ತಿದ್ದ ಐವರು ಕಾರ್ಮಿಕರು ಸತ್ತರು. ಆದರೂ ಅದು ಜಗತ್ತಿನೆಲ್ಲೆಡೆ ಹಬ್ಬಿತು. ಭಾರತದಲ್ಲಿ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂತು. 1999ರ ಫೆಬ್ರವರಿಯಲ್ಲಿ ಸೀಸದ ವಿಷ ತಡೆಯುವ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲಿ. ಮಕ್ಕಳ ರಕ್ತದಲ್ಲಿನ ಸೀಸ ಅಲ್ಲಿ ದೊಡ್ಡ ಚರ್ಚೆಯಾಯಿತು. 2000ದ ಫೆಬ್ರವರಿ 1ರಿಂದ ದೇಶದ ಬಂಕುಗಳಲ್ಲಿ ಸೀಸದ ಪೆಟ್ರೋಲ್ ನಿಂತಿತು. ತಡವಾದರೂ ಸರಿಯಾದ ನಿರ್ಧಾರ. ಮಕ್ಕಳ ಮೆದುಳಿಗಿಂತ ವಾಲ್ವ್ ದೊಡ್ಡದಲ್ಲ.

ಅಂದಿನಿಂದ ಹಳೆ ಕಾರುಗಳ ವಾಲ್ವ್ ಪರೀಕ್ಷೆಗೆ ಮತ್ತೆ ಮಹತ್ವ ಬಂದಿದೆ. ಮೊದಲ ಪರೀಕ್ಷೆಗೆ ಒಂದು ಕಾಗದದ ಚೂರು ಸಾಕು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸೈಲೆನ್ಸರ್ ಬಾಯಿಗೆ ಹಿಡಿದರೆ ಅದು ಒಂದೇ ಸಮ ಹೊರಕ್ಕೆ ಹಾರುತ್ತಿರಬೇಕು. ನಡುನಡುವೆ ಒಳಕ್ಕೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಸುಟ್ಟಿರುವ ಶಂಕೆ. ಮುಂದೆ ಕಂಪ್ರೆಶನ್ ಗೇಜ್. ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡುತ್ತಾರೆ: ಮುಳ್ಳು ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ದೋಷ ಹೆಚ್ಚಾಗಿ ವಾಲ್ವಿನದು. ವಾಲ್ವ್ ಗೈಡ್ ಸವೆತದ ಗುರುತೇ ಬೇರೆ. ಚಾರ್ಮಾಡಿಯಂಥ ಘಾಟಿಯಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಮತ್ತೆ ಒತ್ತಿದಾಗ ಹಿಂದೆ ನೀಲಿ ಹೊಗೆ ಗುಪ್ಪೆನ್ನುತ್ತದೆ.

ಆದರೆ ಸೀಟು ಸವೆದು ವಾಲ್ವ್ ಹೂತುಹೋಗುವುದನ್ನು ಇವೆಲ್ಲಕ್ಕಿಂತ ಮೊದಲು ಹೇಳುವುದು ಫೀಲರ್ ಗೇಜೇ. ಒಂದೇ ವಾಲ್ವಿನ ಸಂದು ಸರ್ವಿಸಿನಿಂದ ಸರ್ವಿಸಿಗೆ ಕಿರಿದಾಗುತ್ತಿದೆಯೇ ಎಂದು ಬರೆದಿಟ್ಟುಕೊಂಡವರಿಗೆ ಹೆಡ್ ಇಳಿಸದೆಯೇ ರೋಗ ತಿಳಿಯುತ್ತದೆ.

ಎಲ್ಲ ಹಳೆ ಗಾಡಿಗೂ ಇದು ಒಂದೇ ವೇಗದಲ್ಲಿ ಬರುವುದಿಲ್ಲ. 1987ರಲ್ಲಿ ಅಮೆರಿಕ ಸರ್ಕಾರ ಟ್ರ್ಯಾಕ್ಟರ್ ಮುಂತಾದ ಕೃಷಿ ಎಂಜಿನ್‌ಗಳನ್ನು ಸೀಸವಿಲ್ಲದೆ ಓಡಿಸಿ ಪರೀಕ್ಷಿಸಿದಾಗ, ಹೆಚ್ಚು ವೇಗದಲ್ಲಿ ಹೆಚ್ಚು ಭಾರ ಎಳೆದವುಗಳ ಸೀಟು ಬೇಗ ಸವೆಯಿತು. ನಿಧಾನವಾಗಿ ದುಡಿದವಕ್ಕೆ ಅಷ್ಟು ಪೆಟ್ಟು ಬೀಳಲಿಲ್ಲ. ಭಾನುವಾರ ಮಾತ್ರ ಊರೊಳಗೆ ಸುತ್ತುವ ಅಂಬಾಸಿಡರ್‌ಗೆ ಆದ್ದರಿಂದಲೇ ಅವಸರದ ಹೆಡ್ ಕೆಲಸ ಬೇಕಿಲ್ಲ. ಹೈವೇಯಲ್ಲಿ ದಿನವೂ ಓಡುವ ಕಾರಾದರೆ ಲೇತ್ ಅಂಗಡಿಯಲ್ಲಿ ಹಳೆ ಸೀಟು ಕೊರೆದು ತೆಗೆದು ಗಟ್ಟಿ ಮಿಶ್ರಲೋಹದ ಉಂಗುರ ಒತ್ತಿಸಬೇಕು. ಎಂಟಕ್ಕೂ ಬೇಡ, ಬೆಂಕಿ ತಾಗುವ ನಾಲ್ಕು ಎಕ್ಸಾಸ್ಟ್ ಸೀಟು ಸಾಕು. ಇನ್‌ಟೇಕ್ ವಾಲ್ವನ್ನು ಒಳಬರುವ ಗಾಳಿ-ಪೆಟ್ರೋಲ್ ಮಿಶ್ರಣವೇ ತಂಪಾಗಿಡುತ್ತದೆ.